ದೀರ್ಘಕಾಲದ ತುರಿಕೆ ಮತ್ತು ನರಹಾನಿಯ ರಕ್ತಗುರುತುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳುಗಟ್ಟಲೆ ತುರಿಕೆಯಿಂದ ಬಳಲಿ, ಹಲವು ಮುಲಾಮು ಮಾತ್ರೆಗಳನ್ನು ದಾಟಿ ಬಂದವರಿಗೆ ಯಾರಾದರೂ ಒಮ್ಮೆ “ಇದು ನರದ ತೊಂದರೆ ಇರಬಹುದು” ಎಂದು ಹೇಳಿರುತ್ತಾರೆ. ಆಗ ಮೊದಲು ಏಳುವ ಪ್ರಶ್ನೆ, ಅದನ್ನು ರಕ್ತದಲ್ಲಿ ನೋಡಿ ಹೇಳಲು ಬರುತ್ತದೆಯೇ ಎಂಬುದು. ಈ ಪುಟ ಹೆಚ್ಚಾಗಿ ಆ ಪ್ರಶ್ನೆಯ ಸುತ್ತಲೇ ಇದೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ.

ತುರಿಕೆ ಎಷ್ಟು ದಿನ ಇದ್ದರೆ ಅದನ್ನು ದೀರ್ಘಕಾಲದ್ದು ಎನ್ನುತ್ತಾರೆ?

6 ವಾರ ಅಥವಾ ಅದಕ್ಕಿಂತ ಹೆಚ್ಚು. ತುರಿಕೆಯ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ವೇದಿಕೆಯೊಂದು 2007ರಲ್ಲಿ ಪ್ರಕಟಿಸಿದ ವರ್ಗೀಕರಣ ಈ ಗಡಿಯನ್ನು ಬಳಸಿತು. ಇಂದಿಗೂ ಚರ್ಮರೋಗ ತಜ್ಞರು ಅದನ್ನೇ ಬಳಸುತ್ತಾರೆ. ಚರ್ಮದಲ್ಲೇ ರೋಗವಿದ್ದು ಬರುವ ತುರಿಕೆ, ಕಣ್ಣಿಗೆ ಚರ್ಮ ಚೆನ್ನಾಗಿಯೇ ಕಾಣುತ್ತಿದ್ದರೂ ಬರುವ ತುರಿಕೆ, ಕೆರೆದು ಕೆರೆದು ಗಂಟು, ಗಾಯ, ದಪ್ಪಚರ್ಮ ಆಗಿ ಮೂಲ ಯಾವುದೆಂದೇ ತಿಳಿಯದಂತಾದ ತುರಿಕೆ ಎಂದು ಆ ವರ್ಗೀಕರಣ ರೋಗಿಗಳನ್ನು ಮೂರು ಗುಂಪು ಮಾಡುತ್ತದೆ. ನರದ ಮಾತು ಬರುವುದು ಮುಖ್ಯವಾಗಿ ಎರಡನೆಯ ಮತ್ತು ಮೂರನೆಯ ಗುಂಪಿನಲ್ಲಿ.

ನರದ ವಿಚಾರಕ್ಕೆ ಹೋಗುವ ಮುನ್ನ ಒಂದು ಮಾತು. ಮನೆಯಲ್ಲಿ ಇನ್ನೊಬ್ಬರಿಗೂ ತುರಿಕೆ ಇದ್ದರೆ, ರಾತ್ರಿ ಹಾಸಿಗೆಯಲ್ಲಿ ಅದು ಹೆಚ್ಚಾಗುತ್ತಿದ್ದರೆ, ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ, ಹೊಕ್ಕುಳ ಸುತ್ತ ಸಣ್ಣ ಗುಳ್ಳೆಗಳಿದ್ದರೆ ಮೊದಲು ಕಜ್ಜಿಹುಳವನ್ನು ಹುಡುಕಬೇಕು. ಉಂಗುರದಂತೆ ಹರಡುವ ಹುಳುಕಡ್ಡಿಗೆ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮು ಹಚ್ಚಿ, ಅದರ ಅಂಚು ಅಳಿಸಿಹೋಗಿ, ರೋಗವೇ ಗುರುತು ಸಿಗದಂತಾಗಿ ವರ್ಷಗಟ್ಟಲೆ ತುರಿಸಿಕೊಳ್ಳುವವರೂ ನಮ್ಮಲ್ಲಿ ಕಡಿಮೆಯಿಲ್ಲ. ಇಂಥವರಿಗೆ ಬೇಕಾದದ್ದು ನರದ ಪರೀಕ್ಷೆಯಲ್ಲ.

ತುರಿಕೆಗೂ ನರಕ್ಕೂ ಏನು ಸಂಬಂಧ?

ತುರಿಕೆ ಚರ್ಮದಲ್ಲಿ ಹುಟ್ಟಿದರೂ ಅದು ನಮಗೆ ತಿಳಿಯುವುದು ನರದ ಮೂಲಕವೇ. ಚರ್ಮದ ಹೊರಪದರದೊಳಕ್ಕೆ ಕೂದಲೆಳೆಗಿಂತ ಎಷ್ಟೋ ತೆಳ್ಳಗಿನ ನರತುದಿಗಳು ಚಾಚಿಕೊಂಡಿವೆ. ಇವುಗಳಲ್ಲಿ ಬಹುಪಾಲು ‘ಸಿ’ ತಂತುಗಳು, ಅಂದರೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿಲ್ಲದ, ನಿಧಾನವಾಗಿ ಸುದ್ದಿ ಒಯ್ಯುವ ತಂತುಗಳು. ಮನುಷ್ಯರಲ್ಲಿ, ಅಲರ್ಜಿಯಾದಾಗ ದೇಹ ಬಿಡುಗಡೆ ಮಾಡುವ ಹಿಸ್ಟಮಿನ್‌ಗೆ ಸ್ಪಂದಿಸಿ ತುರಿಕೆಯನ್ನು ಸಾಗಿಸುವ ಸಿ ತಂತುಗಳನ್ನು 1997ರಲ್ಲಿ ಗುರುತಿಸಿದಾಗ ಅವುಗಳ ವೇಗ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಎಂದು ಕಂಡುಬಂತು. ಸ್ಪರ್ಶವನ್ನು ಒಯ್ಯುವ ದಪ್ಪ ತಂತುಗಳು ಅದೇ ಸಮಯದಲ್ಲಿ ಹತ್ತಾರು ಮೀಟರ್ ಸಾಗುತ್ತವೆ. ಪಾದದ ಮೇಲೆ ಏನೋ ಕೂತದ್ದು ತಕ್ಷಣ ತಿಳಿದರೂ ಅಲ್ಲಿನ ನವೆ ತಡವಾಗಿ ತಲುಪುವುದಕ್ಕೆ ಈ ನಿಧಾನಗತಿಯೂ ಒಂದು ಕಾರಣ.

ತುರಿಕೆಗೆ ಹಿಸ್ಟಮಿನ್ ಒಂದೇ ದಾರಿಯಲ್ಲ ಎಂಬುದಕ್ಕೆ ನಮ್ಮ ಬೇಲಿಗಳ ಮೇಲೆ ಹಬ್ಬುವ ನಸುಗುನ್ನಿಯೇ ಸಾಕ್ಷಿ. ಅದರ ಕಾಯಿಯ ರೋಮದಲ್ಲಿರುವ ಮ್ಯುಕುನೈನ್ ಎಂಬ ಕಿಣ್ವ ಹಿಸ್ಟಮಿನ್‌ನ ನೆರವಿಲ್ಲದೆಯೇ ನರತುದಿಯನ್ನು ಕೆರಳಿಸುತ್ತದೆ, ಆ ನವೆಗೆ ಅಲರ್ಜಿ ಮಾತ್ರೆ ನಾಟುವುದಿಲ್ಲ. ಪ್ರಯೋಗಾಲಯಗಳಲ್ಲಿ ಈ ಎರಡನೆಯ ದಾರಿಯನ್ನು ಅಧ್ಯಯನ ಮಾಡಲು ವಿಜ್ಞಾನಿಗಳು ಬಳಸಿದ್ದು ಇದೇ ರೋಮವನ್ನು. ದೀರ್ಘಕಾಲದ ತುರಿಕೆಯ ಬಹುಪಾಲು ಈ ಎರಡನೆಯ ದಾರಿಯದ್ದು. ಸೆಟಿರಿಜಿನ್ ಎಂಬ ಅಲರ್ಜಿ ಮಾತ್ರೆ ನುಂಗಿ ನಿದ್ದೆ ಬಂತೇ ಹೊರತು ತುರಿಕೆ ಹೋಗಲಿಲ್ಲ ಎನ್ನುವವರ ಅನುಭವಕ್ಕೆ ಇದು ಬಹುಮಟ್ಟಿಗೆ ವಿವರಣೆ.

ನರ ಕೆಟ್ಟರೆ ಆ ಜಾಗ ಜೋಮು ಹಿಡಿಯಬೇಕಲ್ಲವೇ? ತುರಿಕೆ ಏಕೆ ಬರುತ್ತದೆ?

ಎರಡೂ ಆಗಬಹುದು, ಒಂದೇ ಜಾಗದಲ್ಲಿ ಒಟ್ಟಿಗೂ ಆಗಬಹುದು. ಪೂರ್ತಿ ಸತ್ತ ತಂತು ಸುದ್ದಿ ಕಳಿಸುವುದಿಲ್ಲ. ಅರ್ಧ ಗಾಯಗೊಂಡದ್ದು, ಅಥವಾ ಸತ್ತದ್ದರ ಪಕ್ಕದಲ್ಲಿ ಉಳಿದು ಹೊಸದಾಗಿ ಚಿಗುರುತ್ತಿರುವುದು, ಯಾವ ಪ್ರಚೋದನೆಯೂ ಇಲ್ಲದೆ ತಾನಾಗಿಯೇ ಸುದ್ದಿ ಕಳಿಸತೊಡಗುತ್ತದೆ. ಜೊತೆಗೆ, ಬೆನ್ನುಹುರಿಯಲ್ಲಿ ತುರಿಕೆಯನ್ನು ಹತ್ತಿಕ್ಕುವ ವ್ಯವಸ್ಥೆಯೊಂದು ಇದೆ. ಕೆರೆದಾಗ, ತಣ್ಣೀರು ತಾಗಿದಾಗ ಹಾಯೆನಿಸುವುದು ಅದು ಎಚ್ಚರಗೊಳ್ಳುವುದರಿಂದ. ಅದಕ್ಕೆ ಬರಬೇಕಾದ ಸಂವೇದನೆ ಕಡಿಮೆಯಾದರೆ ತುರಿಕೆಗೆ ಕಡಿವಾಣವೇ ಇಲ್ಲದಂತಾಗುತ್ತದೆ. ಸರ್ಪಸುತ್ತು ವಾಸಿಯಾದ ಮೇಲೆ ಕೆಲವರಿಗೆ ಅದೇ ಪಟ್ಟಿಯಲ್ಲಿ ನೋವು ಉಳಿಯುವಂತೆ ತುರಿಕೆಯೂ ಉಳಿಯುತ್ತದೆ. ಮುಟ್ಟಿದರೆ ಅಲ್ಲಿ ಸ್ಪರ್ಶ ಮಂದ, ಆದರೂ ಬಿಡದ ನವೆ.

ನರಹಾನಿಯ ರಕ್ತಗುರುತು ಎಂದರೆ ಏನು?

ಜೀವಕೋಶ ಒಡೆದಾಗ ಅದರೊಳಗಿನ ವಸ್ತು ಹೊರಗೆ ಸೋರಿ ಕೊನೆಗೆ ರಕ್ತ ಸೇರುತ್ತದೆ. ಹೃದಯಾಘಾತದಲ್ಲಿ ಟ್ರೋಪೊನಿನ್ ನೋಡುವುದೂ, ಯಕೃತ್ತಿನ ಉರಿಯೂತದಲ್ಲಿ ಎಸ್‌ಜಿಪಿಟಿ ನೋಡುವುದೂ ಈ ತತ್ತ್ವದ ಮೇಲೆಯೇ. ನರದ ವಿಷಯದಲ್ಲಿ ಇಂದು ಎಲ್ಲಕ್ಕಿಂತ ಹೆಚ್ಚು ಅಧ್ಯಯನಗೊಂಡಿರುವ ಗುರುತು ನ್ಯೂರೋಫಿಲಮೆಂಟ್ ಲೈಟ್ ಚೈನ್, ಚಿಕ್ಕದಾಗಿ ಎನ್‌ಎಫ್‌ಎಲ್. ನರಕೋಶದ ಉದ್ದ ಬಾಲವಾದ ಆಕ್ಸಾನ್‌ನೊಳಗೆ, ಹಂದರದ ಗಳುಗಳಂತೆ, ಅದರ ಆಕಾರವನ್ನೂ ದಪ್ಪವನ್ನೂ ಹಿಡಿದಿಡುವ ಪ್ರೋಟೀನ್ ಎಳೆಗಳಿವೆ. ಅವುಗಳ ಘಟಕಗಳಲ್ಲಿ ಹಗುರವಾದದ್ದು ಇದು. ಆಕ್ಸಾನ್ ಹಾನಿಗೊಂಡಾಗ ಈ ಗಳುಗಳ ಚೂರುಗಳು ಹೊರಬರುತ್ತವೆ.

ರಕ್ತದಲ್ಲಿ ಇದರ ಪ್ರಮಾಣ ಬಹಳ ಕಡಿಮೆ. ಆರೋಗ್ಯವಂತ ಯುವಕರಲ್ಲಿ ಮಿಲಿಲೀಟರಿಗೆ ಕೆಲವೇ ಪಿಕೋಗ್ರಾಂ. ಒಂದು ಪಿಕೋಗ್ರಾಂ ಎಂದರೆ ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಭಾಗ. ಹಳೆಯ ವಿಧಾನಗಳಿಗೆ ಇಷ್ಟು ಸಣ್ಣ ಪ್ರಮಾಣ ಸಿಕ್ಕುತ್ತಿರಲಿಲ್ಲವಾದ್ದರಿಂದ ಬಹುಕಾಲ ಇದನ್ನು ಸೊಂಟದಲ್ಲಿ ಸೂಜಿ ಹಾಕಿ ತೆಗೆದ ಬೆನ್ನುಹುರಿಯ ದ್ರವದಲ್ಲಿ ಮಾತ್ರ ಅಳೆಯುತ್ತಿದ್ದರು. ಒಂದೊಂದೇ ಅಣುವನ್ನು ಸೂಕ್ಷ್ಮ ಗುಳಿಗಳಲ್ಲಿ ಹಿಡಿದು ಎಣಿಸುವ ಸಿಮೋವಾ ಎಂಬ ತಂತ್ರ 2010ರ ಸುಮಾರಿಗೆ ಬಂದ ಮೇಲೆಯೇ ತೋಳಿನಿಂದ ತೆಗೆದ ರಕ್ತದಲ್ಲಿ ಇದನ್ನು ನಂಬಿಕೆಯಿಂದ ಅಳೆಯುವುದು ಸಾಧ್ಯವಾದದ್ದು.

ಈ ಪರೀಕ್ಷೆ ಬೇರೆ ರೋಗಗಳಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದಿದೆಯೇ?

ಬಂದಿದೆ. ಮಿದುಳು, ಬೆನ್ನುಹುರಿಯ ನರಗಳ ಹೊದಿಕೆ ಕೆಡುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ರೋಗದ ಚುರುಕುತನವನ್ನೂ ಚಿಕಿತ್ಸೆಯ ಫಲವನ್ನೂ ಗಮನಿಸಲು ಇದನ್ನು ಬಳಸುತ್ತಾರೆ. ಎಎಲ್‌ಎಸ್ ಎಂಬ, ಸ್ನಾಯುಗಳನ್ನು ನಡೆಸುವ ನರಗಳೇ ಸಾಯುವ ರೋಗದ ಒಂದು ವಂಶವಾಹಿ ಬಗೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರ ಏಪ್ರಿಲ್‌ನಲ್ಲಿ ಟೊಫರ್‌ಸೆನ್ ಎಂಬ ಔಷಧಕ್ಕೆ ಶೀಘ್ರ ಅನುಮೋದನೆ ಕೊಟ್ಟದ್ದು, ಅದು ರಕ್ತದ ಎನ್‌ಎಫ್‌ಎಲ್ ಅನ್ನು ಇಳಿಸಿತೆಂಬ ಆಧಾರದ ಮೇಲೆ. ಅಲ್ಲಿ ಸಾಯುವುದು ದಪ್ಪ, ಉದ್ದ ಆಕ್ಸಾನ್‌ಗಳು, ಅದೂ ರಾಶಿ ರಾಶಿಯಾಗಿ. ತುರಿಕೆಯ ತಂತುಗಳ ಸ್ಥಿತಿ ಹಾಗಲ್ಲ.

ಹಾಗಿದ್ದರೆ ತುರಿಕೆ ಇರುವವರಲ್ಲಿ ಇದನ್ನು ಏಕೆ ಅಳೆಯಲು ಹೊರಟಿದ್ದಾರೆ?

ಇದಕ್ಕೆ ಮುಖ್ಯ ಪ್ರೇರಣೆ ಪ್ರುರೈಗೊ ನಾಡ್ಯುಲಾರಿಸ್ ಎಂಬ ರೋಗ. ಕೈಕಾಲು, ಬೆನ್ನಿನ ಮೇಲ್ಭಾಗ ಹೀಗೆ ಕೈಗೆಟಕುವ ಕಡೆಯೆಲ್ಲ ಗಟ್ಟಿಯಾದ, ತಾಳಲಾರದಷ್ಟು ತುರಿಸುವ ಗಂಟುಗಳು ಏಳುತ್ತವೆ. ಕೈ ತಲುಪದ ನಡುಬೆನ್ನು ಹಲವರಲ್ಲಿ ಸ್ವಚ್ಛವಾಗಿ ಉಳಿದಿರುತ್ತದೆ. 1909ರಲ್ಲಿ ಅಮೆರಿಕದ ವೈದ್ಯ ಹೈಡ್ ಈ ಹೆಸರಿಟ್ಟರು. 1934ರಲ್ಲಿ ಫ್ರಾನ್ಸಿನ ಪೋತ್ರಿಯೆ ಈ ಗಂಟುಗಳ ಒಳಚರ್ಮದಲ್ಲಿ ನರಗಳು ದಪ್ಪಗಾಗಿ ಗುಂಪುಗೂಡಿರುವುದನ್ನು ವರ್ಣಿಸಿದರು. ಸ್ವಾರಸ್ಯವಿರುವುದು ಅದರಾಚೆ. ಹೊರಪದರವನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ ನೋಡಿದವರಿಗೆ ಅಲ್ಲಿ ನರತುದಿಗಳು ಕಡಿಮೆಯಾಗಿರುವುದು ಕಂಡಿತು; ಗಂಟಿನಲ್ಲಿ ಮಾತ್ರವಲ್ಲ, ಗಂಟಿಲ್ಲದ ಪಕ್ಕದ ಚರ್ಮದಲ್ಲಿಯೂ. ಒಳಗೆ ಹೆಚ್ಚು, ಹೊರಗೆ ಕಡಿಮೆ. ಗಂಟು ವಾಸಿಯಾದಾಗ ಹೊರಪದರದ ನರತುದಿಗಳು ಮರಳುವುದನ್ನೂ ನಂತರ ಗಮನಿಸಲಾಗಿದೆ.

ಇದರಿಂದ ಎರಡು ಪ್ರಶ್ನೆಗಳು ಹುಟ್ಟಿದವು. ಈ ರೋಗಿಗಳಲ್ಲಿ ಮೈಯೆಲ್ಲ ಹಬ್ಬಿದ ಸೂಕ್ಷ್ಮ ನರಹಾನಿ ಇದೆಯೇ, ಅಥವಾ ಉಗುರೇ ನರತುದಿಗಳನ್ನು ಕತ್ತರಿಸುತ್ತಿದೆಯೇ? ಗಂಟು ವಾಸಿಯಾದಾಗ ತುದಿಗಳು ಮರಳುತ್ತವೆ ಎಂಬುದು ಎರಡನೆಯದರ ಕಡೆ ವಾಲಿಸುತ್ತದೆ; ಕೆರೆಯದ ಚರ್ಮದಲ್ಲಿಯೂ ಕೊರತೆಯಿದೆ ಎಂಬುದು ಮೊದಲನೆಯದರ ಕಡೆ. ಪ್ರತಿ ರೋಗಿಯ ಚರ್ಮವನ್ನೂ ಮತ್ತೆ ಮತ್ತೆ ಕತ್ತರಿಸಿ ನೋಡುವ ಬದಲು ರಕ್ತದಲ್ಲೊಂದು ಗುರುತು ಸಿಕ್ಕರೆ ಯಾರಲ್ಲಿ ನರದ ಪಾಲು ದೊಡ್ಡದು, ಯಾರಿಗೆ ನರವನ್ನು ಶಾಂತಗೊಳಿಸುವ ಔಷಧ ಕೊಡಬೇಕು ಎಂದು ಬೇರ್ಪಡಿಸಬಹುದಲ್ಲವೇ ಎಂಬ ಆಸೆ ಸಹಜ. ಆ ಆಸೆ ಇನ್ನೂ ಸಂಶೋಧನೆಯ ಹಂತದಲ್ಲಿದೆ. ತುರಿಕೆಯ ರೋಗನಿರ್ಣಯಕ್ಕೆ ಎನ್‌ಎಫ್‌ಎಲ್ ದಿನನಿತ್ಯದ ಪರೀಕ್ಷೆಯಾಗಿಲ್ಲ.

ನನ್ನ ವರದಿಯಲ್ಲಿ ಎನ್‌ಎಫ್‌ಎಲ್ ಹೆಚ್ಚು ಬಂದಿದೆ. ತುರಿಕೆಗೆ ನರವೇ ಕಾರಣ ಎಂದಾಯಿತೇ?

ಆಗಲಿಲ್ಲ. ಎಲ್ಲೋ ಆಕ್ಸಾನ್‌ಗಳು ಹಾನಿಗೊಳ್ಳುತ್ತಿವೆ ಎಂದಷ್ಟೇ ಅದು ಹೇಳುತ್ತದೆ. ಮಿದುಳಿನಲ್ಲೋ, ಬೆನ್ನುಹುರಿಯಲ್ಲೋ, ಕಾಲಿನ ನರದಲ್ಲೋ ಎಂದು ಹೇಳುವುದಿಲ್ಲ. ಹೊಗೆ ಕಂಡಿತು, ಯಾರ ಮನೆಯದೆಂದು ತಿಳಿಯಲಿಲ್ಲ.

ಅದಕ್ಕೂ ಮೊದಲು ಸಂಖ್ಯೆಯನ್ನೇ ಸರಿಯಾಗಿ ಓದಬೇಕು. ಆರೋಗ್ಯವಂತರಲ್ಲಿಯೂ ಎನ್‌ಎಫ್‌ಎಲ್ ವಯಸ್ಸಿನೊಡನೆ ಏರುತ್ತದೆ, ವರ್ಷಕ್ಕೆ ಸುಮಾರು 2 ಪ್ರತಿಶತದಷ್ಟು; 60 ದಾಟಿದ ಮೇಲೆ ಏರಿಕೆ ಇನ್ನೂ ಕಡಿದಾಗುತ್ತದೆ, ಒಬ್ಬರಿಂದೊಬ್ಬರಿಗೆ ವ್ಯತ್ಯಾಸವೂ ಹೆಚ್ಚುತ್ತದೆ. ದೀರ್ಘಕಾಲದ ತುರಿಕೆ ವೃದ್ಧಾಪ್ಯದಲ್ಲಿ ಹೆಚ್ಚು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ: 70 ವರ್ಷದವರ ಸಂಖ್ಯೆಯನ್ನು 35 ವರ್ಷದವರ ಮಿತಿಗೆ ಹೋಲಿಸಿದರೆ ಎಲ್ಲರಿಗೂ ನರರೋಗವೇ. ತೂಕ ಹೆಚ್ಚಿರುವವರಲ್ಲಿ ರಕ್ತದ ಒಟ್ಟು ಪ್ರಮಾಣ ಹೆಚ್ಚಿರುವುದರಿಂದ ಈ ಸಂಖ್ಯೆ ತುಸು ಕೆಳಗಿರುತ್ತದೆ. ಹಾಗಾಗಿ ವಯಸ್ಸಿಗೂ ದೇಹದ ತೂಕಕ್ಕೂ ಹೊಂದಿಸಿ, ಆ ವಯಸ್ಸಿನವರ ಸರಾಸರಿಯಿಂದ ಎಷ್ಟು ದೂರ ಎಂದು ಹೇಳುವ ವರದಿಯೇ ಅರ್ಥಪೂರ್ಣ. ಈಚೆಗೆ ತಲೆಗೆ ಪೆಟ್ಟು ಬಿದ್ದಿದ್ದರೆ, ಪಾರ್ಶ್ವವಾಯು ಆಗಿದ್ದರೆ ತಿಂಗಳುಗಳ ಕಾಲ ಏರಿಕೆ ಉಳಿಯಬಹುದು.

ಎಲ್ಲಕ್ಕಿಂತ ದೊಡ್ಡ ತೊಡಕು ಮೂತ್ರಪಿಂಡದ್ದು. ಮೂತ್ರಪಿಂಡದ ಕೆಲಸ ಕುಗ್ಗಿದಂತೆ ರಕ್ತದ ಎನ್‌ಎಫ್‌ಎಲ್ ಏರುತ್ತದೆ. ಅದೇ ಮೂತ್ರಪಿಂಡದ ರೋಗ ತೀವ್ರ ತುರಿಕೆಯನ್ನೂ ತರುತ್ತದೆ, ನರಗಳನ್ನೂ ನಿಜವಾಗಿ ಕೆಡಿಸುತ್ತದೆ, ಅದಕ್ಕೆ ಹಿನ್ನೆಲೆಯಾಗಿ ಮಧುಮೇಹವೂ ಇರಬಹುದು. ಏರಿದ ಸಂಖ್ಯೆಯಲ್ಲಿ ಯಾವ ಪಾಲು ಯಾವುದರದ್ದೆಂದು ಬಿಡಿಸುವುದು ಕಷ್ಟ. ಮೂತ್ರಪಿಂಡದ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್ ವರದಿ ಪಕ್ಕದಲ್ಲಿಲ್ಲದೆ ಎನ್‌ಎಫ್‌ಎಲ್ ವರದಿಯನ್ನು ಓದಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಸಾಮಾನ್ಯ ಮಟ್ಟದಲ್ಲಿದೆ ಎಂದು ಬಂದರೆ ನರ ಚೆನ್ನಾಗಿದೆ ಎಂದು ನೆಮ್ಮದಿಯಿಂದಿರಬಹುದೇ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ನ್ಯೂರೋಫಿಲಮೆಂಟ್ ಹೇರಳವಾಗಿರುವುದು ದಪ್ಪ, ಮಯಲಿನ್ ಹೊದಿಕೆಯುಳ್ಳ ಆಕ್ಸಾನ್‌ಗಳಲ್ಲಿ. ತಂತುವಿನ ದಪ್ಪವನ್ನು ನಿರ್ಧರಿಸುವುದೇ ಆ ಎಳೆಗಳ ಸಂಖ್ಯೆ. ತುರಿಕೆ ಒಯ್ಯುವ ಸಿ ತಂತುವಿನ ವ್ಯಾಸವಾದರೋ ಒಂದು ಮೈಕ್ರಾನ್ ಆಸುಪಾಸು. ಅದರಲ್ಲಿ ಗಳುಗಳೇ ಕಡಿಮೆ. ಅದರಲ್ಲಿಯೂ ಹಾನಿಯಾಗುವುದು ಹೆಚ್ಚಾಗಿ ಚರ್ಮದೊಳಗಿನ ಕೊನೆಯ ಕೂದಲೆಳೆಯಷ್ಟು ಭಾಗಕ್ಕೆ. ದೊಡ್ಡ ಮರ ಉರುಳಿದರೆ ಊರಿಗೆ ಕೇಳಿಸುತ್ತದೆ, ಬಳ್ಳಿಯ ತುದಿ ಬಾಡಿದರೆ ಕೇಳಿಸುವುದಿಲ್ಲ. ಚರ್ಮದ ತುಣುಕಿನಲ್ಲಿ ನರತುದಿಗಳು ಸ್ಪಷ್ಟವಾಗಿ ಕಡಿಮೆಯಾಗಿದ್ದರೂ ರಕ್ತದ ಎನ್‌ಎಫ್‌ಎಲ್ ಸಾಮಾನ್ಯವಾಗಿಯೇ ಇರಬಹುದು.

ಇನ್ನೊಂದು ಕಾರಣ ಕಾಲದ್ದು. ಗುರುತು ಸೋರುವುದು ಹಾನಿ ನಡೆಯುತ್ತಿರುವಾಗ. ಐದು ವರ್ಷದ ಹಿಂದೆ ಸರ್ಪಸುತ್ತಿನಲ್ಲಿ ಸತ್ತ ತಂತು ಇಂದು ಏನನ್ನೂ ಸೋರಿಸುವುದಿಲ್ಲ. ಅದು ಬಿಟ್ಟುಹೋದ ತುರಿಕೆ ಮಾತ್ರ ಉಳಿದಿರುತ್ತದೆ.

ಎನ್‌ಎಫ್‌ಎಲ್ ಬಿಟ್ಟರೆ ಬೇರೆ ಗುರುತುಗಳಿಲ್ಲವೇ?

ಇವೆ, ಒಂದೊಂದಕ್ಕೂ ಒಂದೊಂದು ದೋಷ. ಎಸ್100ಬಿ ಎಂಬುದು ನರಗಳಿಗೆ ಆಸರೆಯಾದ ಕೋಶಗಳಿಂದ ಬರುತ್ತದೆ. ಆದರೆ ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್‌ಗಳಲ್ಲಿಯೂ ಅದಿದೆ, ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಅದನ್ನು ಅಳೆಯುವುದುಂಟು. ಚರ್ಮವೇ ಗಾಯವಾಗಿರುವವರಲ್ಲಿ ಅದನ್ನು ನರದ ಗುರುತೆಂದು ಹೇಗೆ ಓದುವುದು? ನ್ಯೂರಾನ್ ಸ್ಪೆಸಿಫಿಕ್ ಇನೊಲೇಸ್ ಹೆಸರಿನಲ್ಲಿ ನರಕ್ಕೆ ಮಾತ್ರ ಸೇರಿದ್ದೆಂದು ಹೇಳಿಕೊಂಡರೂ ಕೆಂಪು ರಕ್ತಕಣಗಳಲ್ಲಿಯೂ ಇದೆ; ರಕ್ತ ತೆಗೆಯುವಾಗ ಕಣಗಳು ಒಡೆದರೆ ಸಾಕು, ಸುಳ್ಳು ಏರಿಕೆ. ಬಿಡಿಎನ್‌ಎಫ್ ಎಂಬ ನರಪೋಷಕ ವಸ್ತುವನ್ನು ಪ್ಲೇಟ್‌ಲೆಟ್‌ಗಳು ಹೊತ್ತು ತಿರುಗುತ್ತವೆ, ರಕ್ತ ಹೆಪ್ಪುಗಟ್ಟಲು ಬಿಟ್ಟ ಹೊತ್ತಿನ ಮೇಲೆ ಅದರ ಸಂಖ್ಯೆ ಬದಲಾಗುತ್ತದೆ. ಜಿಎಫ್‌ಎಪಿ ಮತ್ತು ಯುಸಿಎಚ್-ಎಲ್1 ಎಂಬ ಜೋಡಿಗೆ ತಲೆಪೆಟ್ಟಿನಲ್ಲಿ ಬಳಸಲು ಅಮೆರಿಕದಲ್ಲಿ 2018ರಲ್ಲಿ ಅನುಮತಿ ಸಿಕ್ಕಿತು. ಇವುಗಳಲ್ಲಿ ಎರಡನೆಯದು, ಚರ್ಮದ ತುಣುಕಿನಲ್ಲಿ ನರತುದಿಗೆ ಬಣ್ಣ ಹತ್ತಿಸಲು ಬಳಸುವ ಪಿಜಿಪಿ 9.5 ಎಂಬ ಪ್ರೋಟೀನೇ, ಹೆಸರು ಬೇರೆ ಅಷ್ಟೆ.

ಮುಖ್ಯವಾಗಿ ಹೊರನರಗಳಲ್ಲಿ ಇರುವ ಪೆರಿಫೆರಿನ್ ಎಂಬ ಪ್ರೋಟೀನಿನ ಮೇಲೆ ಈಗ ಕುತೂಹಲವಿದೆ. ಗಿಯಾನ್-ಬಾರೆ ಎಂಬ ತೀವ್ರ ನರರೋಗದಲ್ಲಿ ಅದು ರಕ್ತದಲ್ಲಿ ಏರುವುದನ್ನು ಕಂಡಿದ್ದಾರೆ. ಮಿದುಳಿನ ಹಾನಿಯನ್ನೂ ಹೊರನರದ ಹಾನಿಯನ್ನೂ ಬೇರ್ಪಡಿಸುವ ಗುರುತು ಬೇಕಾದರೆ ಹುಡುಕಬೇಕಾದ ದಿಕ್ಕು ಇದೇ ಎಂದು ತೋರುತ್ತದೆ.

ಇಂಟರ್‌ಲ್ಯೂಕಿನ್-31 ಹೆಚ್ಚಿದೆ ಎಂದರು. ಅದೂ ನರಹಾನಿಯ ಗುರುತೇ?

ಅಲ್ಲ. ಅದು ರೋಗನಿರೋಧಕ ಕೋಶಗಳು ಬಿಡುಗಡೆ ಮಾಡುವ ಸಂದೇಶವಾಹಕ. ನರತುದಿಯನ್ನು ಕೆರಳಿಸುತ್ತದೆ, ಅದರ ಕವಲೊಡೆಯುವಿಕೆಗೂ ಕುಮ್ಮಕ್ಕು ಕೊಡುತ್ತದೆ. ಅಂದರೆ ತುರಿಕೆಯ ಕಾರಣದ ಗುರುತು, ಹಾನಿಯ ಗುರುತಲ್ಲ. ಅದರ ಗ್ರಾಹಕವನ್ನು ತಡೆಯುವ ನೆಮೋಲಿಜುಮ್ಯಾಬ್ ಎಂಬ ಚುಚ್ಚುಮದ್ದಿಗೆ 2024ರ ಆಗಸ್ಟ್‌ನಲ್ಲಿ, ಬೇರೆ ಸಂದೇಶವಾಹಕಗಳನ್ನು ತಡೆಯುವ ಡ್ಯುಪಿಲುಮ್ಯಾಬ್‌ಗೆ 2022ರ ಸೆಪ್ಟೆಂಬರ್‌ನಲ್ಲಿ ಪ್ರುರೈಗೊ ನಾಡ್ಯುಲಾರಿಸ್‌ಗೆಂದು ಅಮೆರಿಕದಲ್ಲಿ ಅನುಮೋದನೆ ದೊರೆಯಿತು. ಪಿತ್ತ ತಡೆಯ ತುರಿಕೆಯಲ್ಲಿ ಏರುವ ಆಟೋಟ್ಯಾಕ್ಸಿನ್ ಎಂಬ ಕಿಣ್ವದ ವಿಷಯದಲ್ಲಿಯೂ ಇದೇ ವಿವೇಚನೆ ಬೇಕು.

ನರವಹನ ಪರೀಕ್ಷೆ ಮಾಡಿಸಿದೆ, ಎಲ್ಲ ಸರಿಯಾಗಿದೆ ಎಂದು ಬಂತು. ಇನ್ನೇನು ಉಳಿಯಿತು?

ಕೈಕಾಲಿಗೆ ಸಣ್ಣ ವಿದ್ಯುತ್ ಹೊಡೆತ ಕೊಟ್ಟು ಮಾಡುವ ಆ ಪರೀಕ್ಷೆ ದಪ್ಪ ತಂತುಗಳನ್ನು ಮಾತ್ರ ನೋಡುತ್ತದೆ. ಸಿ ತಂತುಗಳು ಅದಕ್ಕೆ ಕಾಣುವುದೇ ಇಲ್ಲ. ತುರಿಕೆ, ಉರಿ, ಪಾದ ಸುಡುವಿಕೆ ಇದ್ದು ಈ ಪರೀಕ್ಷೆ ಸಾಮಾನ್ಯವೆಂದು ಬರುವುದು, ಈ ತೆಳು ತಂತುಗಳೇ ಕೆಡುವ ಸೂಕ್ಷ್ಮತಂತು ನರರೋಗದಲ್ಲಿ ನಿರೀಕ್ಷಿತವೇ. “ಎಲ್ಲ ನಾರ್ಮಲ್, ನಿಮ್ಮ ಮನಸ್ಸಿನದೇ ತೊಂದರೆ” ಎಂಬ ಮಾತನ್ನು ಈ ಒಂದು ವರದಿಯ ಬಲದಿಂದ ಯಾರೂ ಹೇಳಬಾರದು.

ಚರ್ಮದ ತುಣುಕು ತೆಗೆದು ನೋಡುವ ಪರೀಕ್ಷೆ ಹೇಗೆ ನಡೆಯುತ್ತದೆ?

ಕಾಲಿನ ಹೊರಗಣ್ಣಿನ, ಅಂದರೆ ಹೊರಬದಿಯ ಕಾಲ್ಗಿಣ್ಣಿನ ಮೇಲೆ ಸುಮಾರು 10 ಸೆಂಟಿಮೀಟರ್ ಎತ್ತರದಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, 3 ಮಿಲಿಮೀಟರ್ ಅಗಲದ ದುಂಡನೆಯ ತುಣುಕು ತೆಗೆಯುತ್ತಾರೆ. ಸಾಮಾನ್ಯವಾಗಿ ಹೊಲಿಗೆ ಬೇಕಾಗುವುದಿಲ್ಲ. ಅದನ್ನು ತೆಳುವಾಗಿ ಸೀಳಿ, ಪಿಜಿಪಿ 9.5ಕ್ಕೆ ಅಂಟುವ ಬಣ್ಣ ಹತ್ತಿಸಿ, ಒಳಚರ್ಮದ ಗಡಿ ದಾಟಿ ಹೊರಪದರಕ್ಕೆ ಬಂದ ತಂತುಗಳನ್ನು ಮಿಲಿಮೀಟರಿಗೆ ಇಷ್ಟೆಂದು ಎಣಿಸಿ, ಅದೇ ವಯಸ್ಸಿನ ಹಾಗೂ ಲಿಂಗದವರ ಪ್ರಮಾಣದೊಡನೆ ಹೋಲಿಸುತ್ತಾರೆ. ಸೂಕ್ಷ್ಮತಂತುಗಳ ವಿಷಯದಲ್ಲಿ ಯಾವ ರಕ್ತಪರೀಕ್ಷೆಗಿಂತಲೂ ಇದರ ಸಾಕ್ಷ್ಯ ಗಟ್ಟಿ. ತುಣುಕನ್ನು ವಿಶೇಷ ದ್ರಾವಣದಲ್ಲಿ ಕಳಿಸಬೇಕು, ಎಣಿಸಲು ಪಳಗಿದ ಕೈ ಬೇಕು, ಆದ್ದರಿಂದ ಎಲ್ಲ ಊರುಗಳಲ್ಲಿ ಆಗುವ ಕೆಲಸವಲ್ಲ.

ಒಂದು ಎಚ್ಚರಿಕೆ: ಮೆಣಸಿನಕಾಯಿಯ ಖಾರವಾದ ಕ್ಯಾಪ್ಸೈಸಿನ್ ಇರುವ ಮುಲಾಮು ನರತುದಿಗಳನ್ನು ತಾತ್ಕಾಲಿಕವಾಗಿ ಹಿಂದೆಗೆಯುವಂತೆ ಮಾಡುತ್ತದೆ. ಅದನ್ನು ಹಚ್ಚಿದ ಜಾಗದ ತುಣುಕಿನಲ್ಲಿ ನರತುದಿ ಕಡಿಮೆ ಕಂಡರೆ ಆಶ್ಚರ್ಯವಿಲ್ಲ, ಮೊದಲೇ ಹೇಳಿಬಿಡಿ.

ಒಂದೇ ಜಾಗದಲ್ಲಿ ತುರಿಸುತ್ತದೆ. ರಕ್ತಪರೀಕ್ಷೆ ಬೇಕೇ?

ಬಹುಮಟ್ಟಿಗೆ ಬೇಡ. ಹೆಗಲ ಮೂಳೆಯ ಒಳ ಅಂಚಿನಲ್ಲಿ, ಕೈ ಹಿಂದೆ ಮಡಚಿದರೂ ಎಟುಕದ ಜಾಗದಲ್ಲಿ, ಗೋಡೆಯ ಮೂಲೆಗೆ ಉಜ್ಜಿಕೊಳ್ಳುವಷ್ಟು ತುರಿಕೆಯಿದ್ದು ಚರ್ಮ ಕಪ್ಪಾಗಿದ್ದರೆ ಅದು ನೊಟಾಲ್ಜಿಯ ಪ್ಯಾರೆಸ್ಥೆಟಿಕ ಇರಬಹುದು. ಬೆನ್ನುಮೂಳೆಯಿಂದ ಹೊರಡುವ ನರಗಳ ಒತ್ತಡಕ್ಕೂ ಇದಕ್ಕೂ ಸಂಬಂಧ ಕಲ್ಪಿಸುತ್ತಾರೆ. ಮುಂಗೈಯ ಹೊರಬದಿಯಲ್ಲಿ, ಬಿಸಿಲಿಗೆ ಹೆಚ್ಚಾಗುವ, ಮಂಜುಗಡ್ಡೆ ಇಟ್ಟರೆ ಮಾತ್ರ ತಣಿಯುವ ತುರಿಕೆ ಬ್ರೇಕಿಯೋರೇಡಿಯಲ್ ಪ್ರುರೈಟಸ್. 1968ರಲ್ಲಿ ಫ್ಲಾರಿಡಾದ ಬಿಸಿಲಿನಲ್ಲಿ ಇದನ್ನು ಮೊದಲು ವರ್ಣಿಸಿದವರು ಬಿಸಿಲನ್ನೇ ಕಾರಣವೆಂದರು. ಕತ್ತಿನ ಮೂಳೆಗಳ ನಡುವೆ ನರ ಒತ್ತಿಕೊಳ್ಳುವುದೂ ಸೇರಿದೆ ಎಂದು ಈಗ ತಿಳಿದಿದೆ. ಮಂಜುಗಡ್ಡೆಯ ಚೀಲವನ್ನೇ ಕೈಯಲ್ಲಿ ಹಿಡಿದು ಬರುವ ರೋಗಿಯ ಕಾಯಿಲೆಯನ್ನು ಪತ್ತೆ ಮಾಡಲು ಪಿಕೋಗ್ರಾಂ ಅಳೆಯುವ ಯಂತ್ರ ಬೇಕಿಲ್ಲ.

ಹಾಗಾದರೆ ಯಾವ ರಕ್ತಪರೀಕ್ಷೆಗಳಿಗೆ ಹಣ ಖರ್ಚು ಮಾಡುವುದು ಸಾರ್ಥಕ?

ಹಾನಿಯ ಗುರುತಿಗಿಂತ ಹಾನಿಯ ಕಾರಣವನ್ನು ಹುಡುಕುವ ಅಗ್ಗದ ಪರೀಕ್ಷೆಗಳಿಗೆ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 6.5 ಅಥವಾ ಹೆಚ್ಚಿದ್ದರೆ ಮಧುಮೇಹ, 5.7ರಿಂದ 6.4ರ ನಡುವಿನ ಹಂತದಲ್ಲಿಯೇ ಸೂಕ್ಷ್ಮತಂತುಗಳು ಕೆಡತೊಡಗಿರುವುದುಂಟು. ಬಿ12 ಜೀವಸತ್ವವನ್ನು ನಮ್ಮ ಕಡೆ ಮರೆಯಲೇಬಾರದು. ಅದು ಸಹಜವಾಗಿ ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲುಗಳಿಂದ. ಒಂದು ಲೋಟ ಮಜ್ಜಿಗೆಯನ್ನೇ ನಂಬಿದ ಶುದ್ಧ ಸಸ್ಯಾಹಾರಿಗೆ, ಅದರ ಮೇಲೆ ವರ್ಷಗಳಿಂದ ಮೆಟ್‌ಫಾರ್ಮಿನ್ ನುಂಗುತ್ತಿರುವ ಮಧುಮೇಹಿಗೆ ಕೊರತೆ ಸುಲಭವಾಗಿ ಬರುತ್ತದೆ. ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ. 200ರಿಂದ 300ರ ನಡುವೆ ಅನುಮಾನದ ವಲಯ, ಆಗ ಮೀಥೈಲ್‌ಮಲೋನಿಕ್ ಆಮ್ಲ ಅಥವಾ ಹೋಮೊಸಿಸ್ಟೀನ್ ನೋಡಿ ತೀರ್ಮಾನಿಸುತ್ತಾರೆ.

ಇವುಗಳ ಜೊತೆಗೆ ಪೂರ್ಣ ರಕ್ತಕಣ ಎಣಿಕೆ, ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್, ಕ್ರಿಯಾಟಿನಿನ್, ಯಕೃತ್ತಿನ ಪರೀಕ್ಷೆಗಳು, ಥೈರಾಯ್ಡ್. ಸ್ನಾನ ಮಾಡಿ ಬಂದೊಡನೆ ಗುಳ್ಳೆಯಿಲ್ಲದೆ ಮೈ ತುರಿಸುವವರಲ್ಲಿ ರಕ್ತಕಣಗಳು ಅತಿಯಾಗಿ ಹೆಚ್ಚುವ ಪಾಲಿಸೈಥೀಮಿಯ ವೆರ ಇದೆಯೇ ಎಂದು ಅದೇ ಎಣಿಕೆ ಸುಳಿವು ಕೊಡುತ್ತದೆ. ಸಂದರ್ಭ ನೋಡಿ ಹೆಪಟೈಟಿಸ್ ಸಿ, ಎಚ್‌ಐವಿ, ರಕ್ತದ ಪ್ರೋಟೀನುಗಳನ್ನು ಬೇರ್ಪಡಿಸಿ ನೋಡುವ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್ ಸೇರಿಸಬಹುದು. ಇಷ್ಟರಲ್ಲಿ ಏನಾದರೂ ಸಿಕ್ಕರೆ ಅದಕ್ಕೆ ಚಿಕಿತ್ಸೆಯಿದೆ. ಎನ್‌ಎಫ್‌ಎಲ್ ಹೆಚ್ಚು ಎಂದು ತಿಳಿದ ಮೇಲೂ ಮತ್ತೆ ಬರಬೇಕಾದದ್ದು ಈ ಪಟ್ಟಿಗೇ.

ಗರ್ಭಿಣಿಗೆ ಕೊನೆಯ ತಿಂಗಳುಗಳಲ್ಲಿ ಅಂಗೈ ಅಂಗಾಲು ತುರಿಸಿದರೆ ಅದು ಬೇರೆಯೇ ವಿಷಯ, ತಡಮಾಡದೆ ಪಿತ್ತಾಮ್ಲ ಮತ್ತು ಯಕೃತ್ತಿನ ಪರೀಕ್ಷೆ ಮಾಡಿಸಬೇಕು. ಅದು ಮಗುವಿನ ಕ್ಷೇಮದ ಪ್ರಶ್ನೆ.

ಡಯಾಲಿಸಿಸ್‌ನಲ್ಲಿರುವವರಿಗೆ ಬರುವ ತುರಿಕೆ ನರದ್ದೇ?

ನರದ್ದೂ ಹೌದು. ಒಣಚರ್ಮ, ರಕ್ತದಲ್ಲಿ ಉಳಿದ ಕಲ್ಮಶ, ಉರಿಯೂತ, ದೇಹದ ಅಫೀಮು-ಮಾದರಿ ರಾಸಾಯನಿಕಗಳ ಅಸಮತೋಲನ ಎಲ್ಲ ಸೇರಿದ್ದು. ಈ ಕೊನೆಯದನ್ನೇ ಗುರಿಯಾಗಿಸಿದ ಡೈಫೆಲಿಕೆಫಾಲಿನ್ ಎಂಬ ಔಷಧಕ್ಕೆ 2021ರಲ್ಲಿ ಅಮೆರಿಕದಲ್ಲಿ ಅನುಮೋದನೆ ಸಿಕ್ಕಿತು. ನಮ್ಮಲ್ಲಿ ನರವನ್ನು ಶಾಂತಗೊಳಿಸುವ ಗ್ಯಾಬಪೆಂಟಿನ್ ಅಥವಾ ಪ್ರಿಗ್ಯಾಬಲಿನ್ ಅನ್ನು ಬಹಳ ಕಡಿಮೆ ಪ್ರಮಾಣದಲ್ಲಿ ಕೊಡುವುದು ರೂಢಿ. ಈ ಮಾತ್ರೆಗಳು ಹೊರಹೋಗುವುದು ಮೂತ್ರಪಿಂಡದ ಮೂಲಕವೇ ಆದ್ದರಿಂದ ಪಕ್ಕದ ಮನೆಯವರು ಕಾಲುರಿಗೆ ನುಂಗುವ ಪ್ರಮಾಣ ಡಯಾಲಿಸಿಸ್ ರೋಗಿಗೆ ಮಂಪರು, ತೂರಾಟ, ಬೀಳುವಿಕೆಯನ್ನು ತರಬಲ್ಲದು.

ಚಿಕಿತ್ಸೆ ಫಲಿಸುತ್ತಿದೆಯೇ ಎಂದು ತಿಳಿಯಲು ಮತ್ತೆ ಮತ್ತೆ ಎನ್‌ಎಫ್‌ಎಲ್ ನೋಡಬಹುದೇ?

ತುರಿಕೆಯ ವಿಷಯದಲ್ಲಿ ಅದಕ್ಕಿಂತ ಸರಳವೂ ನಂಬಲರ್ಹವೂ ಆದ ಅಳತೆಯೊಂದಿದೆ: ಕಳೆದ 24 ಗಂಟೆಗಳಲ್ಲಿ ನಿಮ್ಮ ತುರಿಕೆ ಅತಿ ಹೆಚ್ಚಾದಾಗ ಎಷ್ಟಿತ್ತು, ಸೊನ್ನೆಯಿಂದ 10ರವರೆಗೆ ಒಂದು ಅಂಕ ಕೊಡಿ. ದೊಡ್ಡ ಔಷಧ ಪ್ರಯೋಗಗಳೂ ಫಲವನ್ನು ಅಳೆದದ್ದು ಈ ಅಂಕದಿಂದಲೇ. ಕ್ಯಾಲೆಂಡರಿನ ಚೌಕದಲ್ಲಿ ದಿನವೂ ಅಂಕ ಬರೆದು, ರಾತ್ರಿ ಎಷ್ಟು ಸಲ ಎಚ್ಚರವಾಯಿತೆಂದೂ ಬರೆದಿಟ್ಟು ಒಯ್ದರೆ ವೈದ್ಯರಿಗೆ ಅದು ಯಾವ ಪಿಕೋಗ್ರಾಂಗಿಂತಲೂ ಹೆಚ್ಚು ಹೇಳುತ್ತದೆ.

ಸಂಶೋಧನೆಗೆಂದು ರಕ್ತ ಕೊಡಲು ಕೇಳಿದ್ದಾರೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕೇ?

ಎನ್‌ಎಫ್‌ಎಲ್ ಒಂದಕ್ಕೇ ಆದರೆ ಉಪವಾಸ ಅಗತ್ಯವಿಲ್ಲ. ಜೊತೆಗೆ ಸಕ್ಕರೆಯನ್ನೂ ನೋಡುವುದಾದರೆ ಬೇಕಾಗಬಹುದು. ನಿಮ್ಮ ವಯಸ್ಸು, ತೂಕ, ಎತ್ತರ, ಈಚಿನ ಕ್ರಿಯಾಟಿನಿನ್, ತಲೆಗೆ ಪೆಟ್ಟು ಅಥವಾ ಪಾರ್ಶ್ವವಾಯುವಿನ ಇತಿಹಾಸ ಇವನ್ನು ಬರೆದುಕೊಂಡರೇ ಎಂದು ಗಮನಿಸಿ, ಇಲ್ಲವಾದರೆ ನೀವಾಗಿ ಹೇಳಿ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೇಳಿ ಪಡೆದು ಓದುವುದು ನಿಮ್ಮ ಹಕ್ಕು.

ತುರಿಸದ ಮಚ್ಚೆಯೊಂದಿದೆ. ಅದರ ಬಗ್ಗೆ ಚಿಂತಿಸಬೇಕೇ?

ಪ್ರಶ್ನೆ ವಿಷಯದ ಅಂಚಿನಲ್ಲಿದ್ದರೂ ಉತ್ತರಿಸಲೇಬೇಕು. ಬಣ್ಣ ತಿಳಿಯಾದ ಅಥವಾ ಕೆಂಪಾದ, ತುರಿಕೆಯಿಲ್ಲದ, ಬೆವರದ, ಹತ್ತಿಯೆಳೆಯಿಂದ ಮುಟ್ಟಿದರೆ ತಿಳಿಯದ ಮಚ್ಚೆ ಕುಷ್ಠರೋಗದ್ದಿರಬಹುದು. ತುರಿಸುವವರು ಹತ್ತು ವೈದ್ಯರನ್ನು ನೋಡುತ್ತಾರೆ. ತುರಿಸದ್ದು, ನೋಯದ್ದು ಎಂದು ಇದನ್ನು ಬಿಟ್ಟವರ ಕೈಬೆರಳು ಮಡಚಿಕೊಂಡ ಮೇಲೆ ನರ ಕೆಟ್ಟದ್ದು ತಿಳಿಯುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹಲವು ಔಷಧಗಳ ಚಿಕಿತ್ಸೆ ಉಚಿತ, ರೋಗದ ಬಗೆಯನ್ನು ನೋಡಿ 6 ಅಥವಾ 12 ತಿಂಗಳು. ಇಲ್ಲಿ ಬೇಕಾದ ಮೊದಲ ಪರೀಕ್ಷೆಗೆ ರಕ್ತವೂ ಬೇಡ, ಒಂದು ಎಳೆ ಹತ್ತಿ ಸಾಕು.